ಎರಡು ಎಡರೆಕ್ಕೆ

ವಾದ್ಸೊ ಊರಲ್ಲಿ ನವೆಂಬರ್ ಕೊನೆಗೆ ಹೋದ ಸೂರ್ಯ
ಮತ್ತೆ ಮುಖ ತೋರುವುದು ಜನವರಿ ನಡುವಿಗೆ.
ಅಷ್ಟರೊಳಗೊಂದು ವಿಮಾನ ಕಟ್ಟೋಣ ಎಂದ ಹಾಲ್ವರ್,
ಮೇಲಿನ ಮಹಡಿಯವನು, ಮೂವತ್ತು ವರ್ಷ
ಹಡಗಿನಲ್ಲಿ ಅಡುಗೆ ಬೇಯಿಸಿದವನು.
ಈಗ ಅವನ ಚಮಚದಲ್ಲಿ ಸೂಪು ನಿಲ್ಲುವುದಿಲ್ಲ.
ನನ್ನದು ಮೀನು ಸೀಳುವ ಕೈ, ಬ್ಲೇಡಿಗೆ ಪಳಗಿದ್ದು.
"ನಾನು ಓದುತ್ತೇನೆ ಸಿಗ್ನೆ, ನೀನು ಕತ್ತರಿಸು."

ಡಬ್ಬ ತೆರೆದರೆ
ಗರಗಸದ ಹುಡಿಯ ವಾಸನೆ, ಒಂದು ಗಂಟು ತಂತಿ,
ಅಕ್ರೋಟಿನಷ್ಟು ಮೋಟರು,
ಮತ್ತೆ ಆ ಮರ, ಬಾಲ್ಸಾ,
ಕೈಗಿಟ್ಟರೆ ಕೈಗೇ ಗೊತ್ತಾಗದಷ್ಟು ಹಗುರ.
ಭೂಮಧ್ಯರೇಖೆಯ ಕಡೆ ಬೆಳೆಯುತ್ತದಂತೆ.
ಐದೇ ವರ್ಷಕ್ಕೆ ಮುಗಿಲು ಮುಟ್ಟುವ ಆತುರ,
ಅದಕ್ಕೇ ಒಳಗೆಲ್ಲ ಬರೀ ಗಾಳಿ;
ಉಗುರು ತಾಗಿದರೂ ಗುರುತು ಉಳಿಯುತ್ತದೆ.
"ದುಡುಕಿ ಬೆಳೆದವರೆಲ್ಲ ಹೀಗೇ" ಎಂದ,
ಯಾರ ಬಗ್ಗೆಯೋ. ನಾನು ಕೇಳಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ನಕ್ಷೆ,
ನಕ್ಷೆಯ ಮೇಲೆ ಮೇಣದ ಕಾಗದ,
ಅದರ ಮೇಲೆ ಸಾಲಾಗಿ ಹನ್ನೊಂದು ಪಕ್ಕೆಲುಬು,
ಒಂದೊಂದಕ್ಕೂ ಎರಡು ಪಿನ್ನು, ಒಂದು ತೊಟ್ಟು ಅಂಟು.
ಹೊರಗೆ ಗಾಳಿ ಬಂದರುಕಟ್ಟೆಯ ಸರಪಳಿ ಜಗ್ಗುತ್ತಿತ್ತು.
ಮಧ್ಯಾಹ್ನಕ್ಕೂ ದೀಪ;
ಅಂಟು ಒಣಗಿದ್ದೇ ಹೊತ್ತಿನ ಲೆಕ್ಕ.
ಒಂದು ರೆಕ್ಕೆ ಮುಗಿಯಿತು. ಇನ್ನೊಂದೂ ಮುಗಿಯಿತು.
ಕ್ರಿಸ್‌ಮಸ್ಸಿಗೆ ಮೂರು ದಿನವಿದ್ದಾಗ
ಎರಡನ್ನೂ ಒಡಲಿಗೆ ಹಿಡಿದು ನೋಡಿದೆವು:
ಎಡಗಡೆಯದು ಸರಿ.
ಬಲಗಡೆಯದೂ ಎಡಗಡೆಯದೇ.

ಎಡಬಿಡದೆ ದುಡಿದದ್ದಕ್ಕೆ ಎರಡೂ ಎಡ.
ಎಡವಟ್ಟು ಎಂಬ ಮಾತು ಹುಟ್ಟಿದ್ದು
ಇಂಥದೇ ಯಾವುದೋ ಮೇಜಿನ ಮೇಲಿರಬೇಕು.
ಹಾಲ್ವರ್ ಸೂಚನೆಯ ಹಾಳೆಯನ್ನು ಮೂಗಿಗೆ ತಂದುಕೊಂಡ:
ಬಲರೆಕ್ಕೆಗೆ ನಕ್ಷೆಯನ್ನು ಮಗುಚಿಕೊಳ್ಳಿ.
ಪುಟದ ಕೊನೆಯ ಸಾಲು, ಅವನು ಓದದೆ ಬಿಟ್ಟದ್ದು.
ಅಥವಾ ಅವನು ಓದಿದ್ದ, ನಾನು ಕಾಫಿ ಬಗ್ಗಿಸುತ್ತಿದ್ದೆ.
ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಹೊಸ ಹಲಗೆ ಕರಾವಳಿಯ ಹಡಗಿನಲ್ಲಿ ಬರಬೇಕು.
ಬಿರುಗಾಳಿಗೆ ಹಡಗು ಎರಡು ಸಲ ನಿಲ್ಲದೆ ಹೋಯಿತು.
ಮೂರನೆಯ ಸಲ ಬಂತು ಹಲಗೆ. ಸರಿ,
ಆದರೆ ಮಗುಚಿದರೆ ನಕ್ಷೆ ಬರೀ ಬಿಳಿ!
ಎಣ್ಣೆ ಸವರಿದರೆ ಗೆರೆ ಈಚೆ ಕಾಣುತ್ತದೆ ಎಂದ.
ಮನೆಯಲ್ಲಿದ್ದದ್ದು ಮೀನೆಣ್ಣೆಯೊಂದೇ.
ಹತ್ತಿಯಲ್ಲಿ ಅದ್ದಿ ಅದ್ದಿ ಒರೆಸಿದೆ;
ಮಂಜು ಸರಿದಂತೆ ಒಂದೊಂದೇ ಗೆರೆ
ಬೆನ್ನ ಕಡೆಯಿಂದ ಎದ್ದು ಬಂತು,
ಅಂಕಿಗಳೆಲ್ಲ ತಿರುಗುಮುರುಗಾಗಿ.
ಎರಡು ವಾರ ಕೇರಿಯ ಬೆಕ್ಕುಗಳಿಗೆ
ನನ್ನ ಮೇಲೆ ಎಲ್ಲಿಲ್ಲದ ಅಕ್ಕರೆ.

ಸೂರ್ಯ ಬಂದ ದಿನ
ಮಕ್ಕಳು ಬನ್ನು ತಿನ್ನುತ್ತ ಗುಡ್ಡ ಹತ್ತಿದರು.
ನಾವು ಒಳಗೆ ಬಲರೆಕ್ಕೆಗೆ ಕೆಂಪು ಹಾಳೆ ಹೊದಿಸುತ್ತಿದ್ದೆವು,
ಇಸ್ತ್ರಿಪೆಟ್ಟಿಗೆಯ ಬಿಸಿಗೆ ಸುಕ್ಕು ಬಿಟ್ಟು
ತಟ್ಟಿದರೆ ಕಾಯಿಸಿದ ತಮಟೆಯ ದನಿ.
ಎತ್ತಿ ಹಿಡಿದೆ. ಕಿಟಕಿಯ ಬಿಸಿಲು ರೆಕ್ಕೆಯೊಳಗೆ ಹಾದು
ಹನ್ನೊಂದೂ ಎಲುಬು ಹಾಲ್ವರನ ಅಂಗಿಯ ಮೇಲೆ ಬಿದ್ದವು.
ಅವನು ಅಲುಗದೆ ನಿಂತ,
ಆ ಎರಡು ಕೈ ಬಿಟ್ಟು.

ಹೊಸ ಮರ ತುಸು ಭಾರ.
ಎಡತುದಿಗೆ ಒಂದು ಕ್ರೋನೆ ನಾಣ್ಯ,
ಅದೇ ನಡುವೆ ತೂತಿರುವುದು, ಅಂಟಿಸಿದ ಮೇಲೆ
ಬೆರಳ ತುದಿಯಲ್ಲಿ ಸಮ ನಿಂತಿತು.

ಮಾರ್ಚಿನ ಕೆರೆ, ಕಲ್ಲಿನಂತೆ ಹೆಪ್ಪುಗಟ್ಟಿದ್ದು.
ಚಕ್ರ ತೆಗೆದು ಜಾರುಪಟ್ಟಿ ಕಟ್ಟಿದ್ದೆವು.
ಮೊದಲು ಜೇನಿನ ಗುಂಯ್, ಆಮೇಲೆ ನೆಲ ಮರೆತ ಸದ್ದು.
ದೂರ ಹೋಗುವಾಗ ಹೇಳಿದ ಮಾತು ಕೇಳುತ್ತಿತ್ತು;
ತಿರುಗಿ ನಮ್ಮತ್ತ ಬರುವಾಗ
ಎಡವೆಂದರೆ ಬಲ, ಬಲವೆಂದರೆ ಎಡ.
"ಮಗುಚಿಕೋ, ಮಗುಚಿಕೋ!" ಹಾಲ್ವರ್ ಕೂಗಿದ.
ನನ್ನ ತಲೆಯೊಳಗಿನ ನಕ್ಷೆಗೆ
ಯಾರೂ ಎಣ್ಣೆ ಸವರಿರಲಿಲ್ಲ.

ಮಂಡಿಯೂರಿ ಚೂರು ಆರಿಸಿದೆವು.
ಮೋಟರು ನೆಟ್ಟಗಿದೆ. ಬಾಲ, ನಾಣ್ಯ, ಎಲ್ಲ ಇದೆ.
ಮುರಿದದ್ದು ಬಲರೆಕ್ಕೆ, ಅದೊಂದೇ.
"ಎಡದ್ದು ಮುರಿದಿದ್ದರೆ..." ಎಂದವನು
ನಗು ತಡೆಯಲಾರದೆ ಹಿಮದ ಮೇಲೆ ಕೂತೇಬಿಟ್ಟ,
"ಮನೆಯಲ್ಲಿ ಇನ್ನೊಂದಿತ್ತಲ್ಲೇ!"